ಎಲ್ಲಮ್ಮನ ಗೋಡೆಯ ಅರಿಶಿನದ ಬೊಟ್ಟುಗಳು

೧೯೫೬ರಲ್ಲಿ ನಾನು ಬಂಗಾರಪೇಟೆಗೆ ಎರಡು ಮೈಲಿ ದೂರದ ಒಂದು ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಕ್ಕೆ ಮಿಡ್‌ವೈಫ್ ಆಗಿ ಬಂದೆ. ಆಗ ನನಗೆ ಇಪ್ಪತ್ತಾರು ವರ್ಷ. ಕೇಂದ್ರ ಅಂದರೆ ದೊಡ್ಡ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಹೆರಿಗೆ ಮೇಜು, ಸಿರಿಂಜು ಕುದಿಸಲು ಒಂದು ಸ್ಟವ್, ಸುತ್ತಲಿನ ಹನ್ನೊಂದು ಹಳ್ಳಿಗೆ ನಾನೊಬ್ಬಳೇ. ಜನ ನನ್ನನ್ನು ನರ್ಸಮ್ಮ ಅನ್ನುತ್ತಿದ್ದರು. ಹೆರಿಗೆಗಳ ಕಥೆ ಕೇಳಿದರೆ ದಿನಗಟ್ಟಲೆ ಹೇಳುತ್ತೇನೆ, ಎದೆಯುಬ್ಬಿಸಿಕೊಂಡೇ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದು ಮಾತ್ರ ನಾನು ಬುದ್ಧಿವಂತೆ ಅಂದುಕೊಂಡು ದಡ್ಡಿಯಾದ ಕಥೆ. ಆ ದಡ್ಡತನದ ಫಲ ಉಂಡವಳು ನಾನಲ್ಲ, ಎಲ್ಲಮ್ಮ ಅನ್ನುವ ಹೆಂಗಸು.

ನಮ್ಮ ಹಳ್ಳಿಗಳ ಗಂಡಸರಲ್ಲಿ ಅನೇಕರು ಚಿನ್ನದ ಗಣಿಯಲ್ಲಿ ಕೂಲಿ. ಬಂಗಾರಪೇಟೆಯಲ್ಲಿ ಗಣಿಯ ಕಡೆ ಹೋಗುವ ಗಾಡಿ ಹತ್ತಿ, ಊರ್ಗಾಂನಲ್ಲಿ ಇಳಿದು, ನಂದಿದುರ್ಗದ ಕಡೆಯ ಶಾಫ್ಟುಗಳಿಗೆ ನಡೆಯುತ್ತಿದ್ದರು. ಶಾಫ್ಟು ಅಂದರೆ ಭೂಮಿಯೊಳಕ್ಕೆ ನೆಟ್ಟಗೆ ಇಳಿಯುವ ಬಾವಿ. ಕೇಜು ಅನ್ನುವ ಕಬ್ಬಿಣದ ಪಂಜರದಲ್ಲಿ ನಿಂತು ಅದರೊಳಗೆ ಇಳಿಯಬೇಕು. ಕೆಲಸ ಮೂರು ಶಿಫ್ಟು, ವಾರ ವಾರಕ್ಕೂ ಬದಲು. ಬೆಳಗಿನ ಶಿಫ್ಟಿನವನು ಮುಂದಿನ ವಾರ ಮಧ್ಯಾಹ್ನಕ್ಕೆ, ಅದರ ಮುಂದಿನ ವಾರ ರಾತ್ರಿಗೆ. ಗಂಡ ಮನೆಗೆ ಬರುವ ಹೊತ್ತಿಗೆ ಹೆಂಡತಿ ಹೊಲದಲ್ಲಿ, ಹೆಂಡತಿ ಮನೆಗೆ ಬರುವ ಹೊತ್ತಿಗೆ ಗಂಡ ಗಾಡಿಯಲ್ಲಿ.

ಎಲ್ಲಮ್ಮನ ಗಂಡ ಮುನಿಶಾಮಿ ಗಣಿಯೊಳಗೆ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವ ಗ್ಯಾಂಗಿನಲ್ಲಿದ್ದ. ಮೂವತ್ತರ ಆಸುಪಾಸು, ಕಟ್ಟುಮಸ್ತಾದ ಆಳು, ಮಾತು ಕಮ್ಮಿ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಮುನಿಶಾಮಿಯ ತಾಯಿ ಪಾಪಮ್ಮ ಹರಕೆ ಹೊತ್ತು ಹೊತ್ತು ಸಾಕಾಗಿ, ಆಂಧ್ರದ ಗಡಿಯಲ್ಲಿರುವ ತನ್ನ ಅಣ್ಣನ ಮಗಳನ್ನು ತರುವ ಮಾತೆತ್ತಿದ್ದಳು. "ಬರೋ ವರ್ಸದ ಯುಗಾದಿ ಗಂಟ ನೋಡ್ತೀನಿ ನರ್ಸಮ್ಮ. ಆಮ್ಯಾಕೆ ನಮ್ಮಣ್ಣನ ಮಗಳು ಬತ್ತಾಳೆ. ಇವ್ಳೂ ಇರ್ಲಿ ಒಂದು ಕಡೆ, ನಾನೇನು ಆಚೆಗೆ ಆಕಲ್ಲ" ಅಂದಳು, ಎಲ್ಲಮ್ಮ ಪಕ್ಕದಲ್ಲೇ ರಾಗಿ ಕೇರುತ್ತಿರುವಾಗ. ಎಲ್ಲಮ್ಮ ತಲೆ ಎತ್ತಲಿಲ್ಲ. ಒಂದು ಕಡೆ ಇರುವುದು ಅಂದರೆ ಏನು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದನದ ಕೊಟ್ಟಿಗೆ ಪಕ್ಕದ ಕೋಣೆ, ಸವತಿಯ ಮಕ್ಕಳ ಬಟ್ಟೆ.

ಅದು ೧೯೫೭ರ ಜನವರಿ. ಆಗ ನಾನು ಒಂದು ಉಪಾಯ ಮಾಡಿದೆ. ಹೆಂಗಸಿಗೆ ಬಸಿರು ನಿಲ್ಲುವ ದಿನಗಳು ತಿಂಗಳಿಗೆ ಕೆಲವೇ, ಮುಟ್ಟಿನ ದಿನದಿಂದ ಲೆಕ್ಕ ಹಾಕಿದರೆ ಸುಮಾರಾಗಿ ಸಿಗುತ್ತವೆ. ಶಿಫ್ಟಿನ ಮನೆಗಳಲ್ಲಿ ಆ ದಿನಗಳು ಸುಮ್ಮನೆ ತಪ್ಪಿಹೋಗುತ್ತಿದ್ದವು. ಎಲ್ಲಮ್ಮನಿಗೆ ಓದು ಬಾರದು. ಬಂಗಾರಪೇಟೆಯ ಬಟ್ಟೆ ಅಂಗಡಿಯಿಂದ ಲಕ್ಷ್ಮಿ ಪಟದ ಒಂದು ಕ್ಯಾಲೆಂಡರ್ ತಂದು ಅವರ ನಡುಮನೆಯಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ಮುಟ್ಟಾದ ದಿನ ಕುಂಕುಮದ ಬೊಟ್ಟು, ಗಂಡ ಹೆಂಡತಿ ಸೇರಿದ ದಿನ ಅರಿಶಿನದ ಬೊಟ್ಟು ಇಡು ಅಂದೆ.

"ಥೂ, ಓಗಿ ನರ್ಸಮ್ಮ! ಅದ್ನೆಲ್ಲ ಗೋಡೆ ಮ್ಯಾಲೆ ಬರೀತಾರಾ?" ಅಂತ ಸೆರಗು ಬಾಯಿಗಿಟ್ಟು ನಕ್ಕಳು.

"ಯಾರಿಗೂ ಗೊತ್ತಾಗಲ್ಲ ಕಣೇ. ಲಕ್ಷ್ಮಿಗೆ ಇಟ್ಟ ಬೊಟ್ಟು ಅಂದ್ಕೋತಾರೆ."

ಹಾಗೇ ಆಯಿತು. ಪಾಪಮ್ಮ ಅದನ್ನು ಸೊಸೆ ಹೊತ್ತ ಯಾವುದೋ ಹರಕೆ ಅಂದುಕೊಂಡು ಶುಕ್ರವಾರ ಶುಕ್ರವಾರ ಊದುಬತ್ತಿ ಬೇರೆ ಹಚ್ಚುತ್ತಿದ್ದಳು. ಗುಟ್ಟು ಗೊತ್ತಿದ್ದವರು ಮೂವರೇ. ನಾನು, ಎಲ್ಲಮ್ಮ, ಮತ್ತು ಎಲ್ಲಮ್ಮ ನಾಚಿಕೊಂಡೇ ಹೇಳಿದ್ದರಿಂದ ಮುನಿಶಾಮಿ.

ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದೆ. ೧೯೫೭ರ ಮೊದಲ ತಿಂಗಳುಗಳಲ್ಲಿ ಅರಿಶಿನ ಸಾಕಷ್ಟಿತ್ತು, ಒಂದು ವಾರವಂತೂ ಒತ್ತೊತ್ತಾಗಿ. ಆಮೇಲೆ ಏಪ್ರಿಲ್‌ನಿಂದ ಜುಲೈ ತನಕ ಬರೀ ಕುಂಕುಮ. ಒಂದು ಹಳದಿ ಚುಕ್ಕೆಯೂ ಇಲ್ಲ.

"ಏನಾಯ್ತೇ?" ಅಂದೆ.

"ಗ್ವಾಡೆ ಕಡೆ ತಿರುಕ್ಕೊಂಡು ಮಲಗ್ತಾರೆ. ಮಾತಿಲ್ಲ. ಮುದ್ದೆ ಮುರಿದು ಅಂಗೇ ಬಿಟ್ಟು ಏಳ್ತಾರೆ. ನಾನೇನೋ ತಪ್ಪು ಮಾಡಿವ್ನಿ ಅಂತ ಕಾಲು ಇಡ್ಕೊಂಡೆ, 'ನಿಂದೇನೂ ಇಲ್ಲ ಬಿಡು' ಅಂದ್ರು."

ನನ್ನ ರಿಜಿಸ್ಟರಿನಲ್ಲಿ 'ಗಂಡನಿಗೆ ನಿಶ್ಶಕ್ತಿ' ಅಂತ ಬರೆದು, ತಾಲ್ಲೂಕು ಆಸ್ಪತ್ರೆಯಿಂದ ಒಂದು ಟಾನಿಕ್ ತರಿಸಿಕೊಟ್ಟೆ. ಕಬ್ಬಿಣದ ಅಂಶ, ಬಿ ವಿಟಮಿನ್, ಇನ್ನೇನಿರುತ್ತೆ ಅದರಲ್ಲಿ. ಅಕ್ಟೋಬರ್ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಹಳದಿ ಬೊಟ್ಟು ಬಂತು. ನೋಡಿದಿರಾ ನಮ್ಮ ಟಾನಿಕ್ಕು ಅಂತ ನಾನು ಮೂಗು ಮೇಲೆ ಮಾಡಿಕೊಂಡು ಓಡಾಡಿದೆ.

೧೯೫೮ರ ಜನವರಿಯಲ್ಲಿ ಹೊಸ ಕ್ಯಾಲೆಂಡರ್ ತಗುಲಿಹಾಕಿದೆ. ಆ ತಿಂಗಳ ಕೊನೆಗೆ ಹೋದಾಗ ನೋಡುತ್ತೇನೆ, ಹಾಳೆಯೆಲ್ಲ ಹಳದಿ. ಒಂದೊಂದು ದಿನದ ಚೌಕದಲ್ಲಿ ಮೂರು, ನಾಲ್ಕು ಬೊಟ್ಟು. ಜಾಗ ಸಾಲದೆ ಪಕ್ಕದ ದಿನಕ್ಕೆ ಹರಿದಿದ್ದವು. ಪಾಪಮ್ಮನ ಮುಖ ಅರಳಿತ್ತು. ಮಗ ಮನೆಗೆ ಬರುವಾಗ ಮಲ್ಲಿಗೆ ತರುತ್ತಾನೆ, ಹಾಡುತ್ತಾನೆ, ಸಂಬಳದ ದಿನ ಅಲ್ಲದಿದ್ದರೂ ಮಾಂಸ ತರುತ್ತಾನೆ. "ಗಂಡಸು ಅಂದ್ರೆ ಅಂಗಿರ್ಬೇಕು. ನಿಮ್ಮ ಔಸ್ದಿ ಕೈಗುಣ ನರ್ಸಮ್ಮ!" ಅಂತ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಎಲ್ಲಮ್ಮ ನನ್ನನ್ನು ಹಿತ್ತಿಲಿಗೆ ಕರೆದಳು. ಕಣ್ಣ ಕೆಳಗೆ ಕಪ್ಪು. ಮಣಿಕಟ್ಟಿನಲ್ಲಿ ಬಳೆ ಒಡೆದ ಗೀರುಗಳು.

"ಸಾಕಾಗೋಯ್ತು ನರ್ಸಮ್ಮ. ಬ್ಯಾಡ ಅಂದ್ರೆ ಕೇಳಲ್ಲ. ಅಳ್ತೀನಿ, ನಗ್ತಾರೆ. ಇವ್ರು ನಮ್ಮೋರಲ್ಲ ಅನ್ನಿಸ್ತದೆ."

ಈ ಮಾತಿಗೆ ನಾನು ಕೊಟ್ಟ ಉತ್ತರ ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. "ಏಳು ವರ್ಷ ಕಾದು ಈಗ ಬಂದ ಭಾಗ್ಯಾನ ಬೇಡ ಅಂತೀಯೇನೇ? ಯುಗಾದಿಗೆ ಇನ್ನೆಷ್ಟು ದಿನ ಇದೆ ನೋಡಿಕೋ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂದೆ.

ಅವಳು ನನ್ನನ್ನೇ ನೋಡಿದಳು. "ಉಣ್ಣೋದೂ ಇಲ್ಲ, ಮಲಗೋದೂ ಇಲ್ಲ ನರ್ಸಮ್ಮ ಅವ್ರು" ಅಂದಳು.

ನಾನು ನಕ್ಕುಬಿಟ್ಟೆ. ಗಾದೆಗೆ ಸರಿಯಾದ ಉತ್ತರ ಕೊಟ್ಟಳು ಅಂತ! ರೋಗದ ಲಕ್ಷಣವನ್ನೆಲ್ಲ ಒಂದೇ ಸಾಲಿನಲ್ಲಿ ನನ್ನ ಮುಂದೆ ಇಟ್ಟಿದ್ದಳು. ನಾನು ಬ್ಯಾಗು ಎತ್ತಿಕೊಂಡು ಮುಂದಿನ ಮನೆಗೆ ಹೋದೆ.

ಫೆಬ್ರವರಿಯಲ್ಲಿ ಸುದ್ದಿಗಳು ಬರತೊಡಗಿದವು. ಮುನಿಶಾಮಿ ಗಣಿಯಲ್ಲಿ ಒಂದರ ಮೇಲೊಂದು ಶಿಫ್ಟು ಮಾಡುತ್ತಾನೆ, ಆದರೂ ಆಯಾಸವಿಲ್ಲ. ಮೇಸ್ತ್ರಿಗೆ, "ಚಿನ್ನ ಎಲ್ಲಿದೆ ಅಂತ ನನ್ನನ್ನು ಕೇಳಿ, ನಿಮ್ಮ ದೊರೆಗಳಿಗೆ ಗೊತ್ತಿಲ್ಲ" ಅಂದನಂತೆ. ಗಣಿಯ ಪಕ್ಕದ ಆಂಡರ್ಸನ್‌ಪೇಟೆಯ ಸಂತೆಬೀದಿಯಲ್ಲಿ ಹೂ ಮಾರುವ ಒಬ್ಬಳ ಕೈ ಹಿಡಿದು, ನಿನ್ನನ್ನೂ ಮದುವೆಯಾಗುತ್ತೇನೆ ನಡಿ ಅಂದನಂತೆ. ಅವಳ ಕಡೆಯವರು ಸೇರಿ ಚೆನ್ನಾಗಿ ಬಡಿದು ಕಳಿಸಿದ್ದರು. ಹಣೆ ಒಡೆದುಕೊಂಡು ಬಂದವನಿಗೆ ನಾನೇ ಡ್ರೆಸಿಂಗ್ ಮಾಡಿದೆ. ಅವನು ಹೊಲಿಗೆಗೆ ಅಳುಕದೆ ನಗುತ್ತಾ, ಒಂದರ ಹಿಂದೊಂದು ಮಾತಾಡುತ್ತಾ ಇದ್ದ. ಕನ್ನಡದಲ್ಲಿ ಶುರುಮಾಡಿ ತೆಲುಗಿಗೆ ಹಾರಿ ತಮಿಳಲ್ಲಿ ಮುಗಿಸುತ್ತಿದ್ದ. ಅವನ ಕಣ್ಣು ಉರಿಯುತ್ತಿರುವಂತೆ ಹೊಳೆಯುತ್ತಿತ್ತು. ನನಗೆ ಆಗ ಮೊದಲ ಬಾರಿ ಹೆದರಿಕೆಯಾಯಿತು. ಆದರೆ ಊರಿನವರು, ಮದ ಬಂದಿದೆ ಅಂದರು. ನಾನೂ ಆ ಮಾತನ್ನೇ ನಂಬಿದೆ. ಮದ ಅನ್ನುವುದು ಇಳಿದುಹೋಗುತ್ತದಲ್ಲ.

ಯುಗಾದಿ ಬಂತು. ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು ಬರಲಿಲ್ಲ. ಎಲ್ಲಮ್ಮ ಬಸಿರು. ಪಾಪಮ್ಮ ಹೋಳಿಗೆ ಮಾಡಿ ಕೇರಿಗೆಲ್ಲ ಹಂಚಿದಳು, ಅಣ್ಣನ ಮಗಳ ಮಾತು ನಿಂತುಹೋಯಿತು. ಎಲ್ಲಮ್ಮ ಗೆದ್ದಳು ಅಂತ ನಾನು ಸಂತೋಷಪಟ್ಟೆ. ಆ ಸಂತೋಷ ಎರಡು ತಿಂಗಳೂ ಇರಲಿಲ್ಲ. ಮೇ ತಿಂಗಳಿಂದ ಮುನಿಶಾಮಿ ಮತ್ತೆ ಗೋಡೆ ಕಡೆ ತಿರುಗಿದ. ಈ ಸಲ ಮೊದಲಿಗಿಂತ ಜೋರು. ಅನ್ನ ಬಿಟ್ಟ, ಕ್ಷೌರ ಬಿಟ್ಟ. ಕೆಲಸವೊಂದನ್ನು ಬಿಡಲಿಲ್ಲ. ಎಲ್ಲಮ್ಮನ ಹತ್ತಿರ ಹಾಯಲೂ ಹೆದರುತ್ತಿದ್ದ. ಅವಳ ಸೆರಗು ತಾಕಿದರೆ ಸರಿದು ನಿಲ್ಲುತ್ತಿದ್ದ. ಒಂದು ದಿನ ಅವಳು ಒತ್ತಾಯದಿಂದ ಪಕ್ಕ ಕೂರಿಸಿಕೊಂಡು ಕೇಳಿದ್ದಕ್ಕೆ, "ಒಳಗೆ ಇಳುದ್ರೆ ಚೆಂದಾಗಿರ್ತದೆ ಎಲ್ಲೀ. ಕತ್ಲು. ಯಾರ ಮಕನೂ ನೋಡಂಗಿಲ್ಲ" ಅಂದನಂತೆ.

ಅವಳು ಇದನ್ನು ನನಗೆ ಹೇಳಿದಾಗ, ಇದು ಮದವೂ ಅಲ್ಲ ನಿಶ್ಶಕ್ತಿಯೂ ಅಲ್ಲ ಅನ್ನಿಸಿತು. ಹಾಗಿದ್ದೂ ಏನು ಮಾಡಿದೆ? ಮತ್ತೊಂದು ಬಾಟಲಿ ಟಾನಿಕ್ ಕೊಟ್ಟೆ.

ಜುಲೈ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಕೇಂದ್ರದಲ್ಲಿ ಕೂಸುಗಳ ತೂಕ ಮಾಡುತ್ತಿದ್ದೆ. ಎಲ್ಲಮ್ಮ ಓಡಿಬಂದಳು. ಐದು ತಿಂಗಳ ಬಸುರಿ ಎರಡು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಓಡುವುದನ್ನು ನೋಡಿ ಸಾಲಿನ ಹೆಂಗಸರೆಲ್ಲ ಎದ್ದು ನಿಂತರು. ಕಂಕುಳಲ್ಲಿ ಸುತ್ತಿದ ಕ್ಯಾಲೆಂಡರ್ ಇತ್ತು. ನನ್ನ ಮುಂದೆ ಬಿಚ್ಚಿದಳು.

"ಇದು ನಾನಿಟ್ಟಿದ್ದಲ್ಲ ನರ್ಸಮ್ಮ."

ಆ ಶುಕ್ರವಾರದ ಚೌಕದಲ್ಲಿ ಒಂದು ಬೊಟ್ಟು. ಅರಿಶಿನ ಅಲ್ಲ, ಕುಂಕುಮ ಅಲ್ಲ. ಇದ್ದಿಲು. ದಪ್ಪ ಬೆರಳಲ್ಲಿ ಒತ್ತಿ ಇಟ್ಟದ್ದು. ಅದರಿಂದಾಚೆಯ ಹಾಳೆಗಳನ್ನು ಹರಿದುಹಾಕಲಾಗಿತ್ತು.

"ಇನ್ನೇನಾದ್ರೂ ಇದೆಯಾ?" ಅಂದೆ.

ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಬೆಳ್ಳಿಯ ಉಡಿದಾರ. "ದೇವ್ರ ಗೂಡ್ನಾಗೆ ಬಿಚ್ಚಿಟ್ಟು ಓಗವ್ರೆ. ಊದ್ಬತ್ತಿ ಅಚ್ಚಕ್ಕೆ ಓದಾಗ ಕಂಡೆ."

ನಮ್ಮ ಕಡೆ ಗಂಡಸಿನ ಸೊಂಟದ ಉಡಿದಾರ ಬದುಕಿರುವ ತನಕ ಬಿಚ್ಚುವುದಿಲ್ಲ. ಹಳೆಯದು ತೆಗೆಯುವ ಮುಂಚೆ ಹೊಸದು ಕಟ್ಟಿರಬೇಕು. ಅದನ್ನು ಬರಿದೇ ತೆಗೆಯುವುದು ಹೆಣಕ್ಕೆ ಮಾತ್ರ. ಸಾಲಿನಲ್ಲಿದ್ದ ಒಬ್ಬ ಮುದುಕಿ "ಅಯ್ಯೋ ದೇವುಡಾ" ಅಂತ ಬಾಯಿ ಮುಚ್ಚಿಕೊಂಡಳು.

ಮುನಿಶಾಮಿ ಆ ವಾರ ಬೆಳಗಿನ ಶಿಫ್ಟು. ಗಣಿಯಲ್ಲಿ ತೂತುಗಳಿಗೆ ಮದ್ದು ತುಂಬಿ ಬತ್ತಿಗೆ ಬೆಂಕಿ ಕೊಡುವುದು ಶಿಫ್ಟಿನ ಕೊನೆಗೆ, ಉಳಿದವರೆಲ್ಲ ದೂರ ಸರಿದ ಮೇಲೆ. ಅಂದರೆ ನಮಗಿದ್ದದ್ದು ಮಧ್ಯಾಹ್ನದ ತನಕ. ತಕ್ಕಡಿಯಲ್ಲಿದ್ದ ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು ಹೊರಟೆ. ಎತ್ತಿನ ಗಾಡಿಯಲ್ಲಿ ಬಂಗಾರಪೇಟೆ, ಅಲ್ಲಿಂದ ಹನ್ನೊಂದರ ರೈಲು. ಎಲ್ಲಮ್ಮ ದಾರಿಯುದ್ದಕ್ಕೂ ಉಡಿದಾರವನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯಾಚೆಯ ಸೈನೈಡ್ ಗುಡ್ಡಗಳನ್ನು, ಅಂದರೆ ಚಿನ್ನ ತೆಗೆದು ಬಿಸಾಡಿದ ಬಿಳಿ ಮಣ್ಣಿನ ದಿಬ್ಬಗಳನ್ನು, ನೋಡುತ್ತಾ ಕೂತಿದ್ದಳು.

ಶಾಫ್ಟಿನ ಬಳಿ ಟೈಮ್ ಆಫೀಸು ಅಂತ ಇರುತ್ತದೆ. ಕೆಳಗಿಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯಿಂದ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಮತ್ತೆ ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಆಳು ಒಳಗಿದ್ದಾನೆ ಅಂತ ಅರ್ಥ. ಅಲ್ಲಿದ್ದ ಗುಮಾಸ್ತ ತಮಿಳಿನವನು, ವಯಸ್ಸಾದವನು. ಮುನಿಶಾಮಿಯ ನಂಬರಿನ ಮೊಳೆ ತೋರಿಸಿದ. ಖಾಲಿ.

"ಅವನನ್ನ ಈಗಲೇ ಮೇಲೆ ಕರೆಸಬೇಕು" ಅಂದೆ.

"ಎನ್ನಮ್ಮಾ, ಶಿಫ್ಟ್ ನಡುವೆ ಯಾರನ್ನೂ ಕರೆಸೋ ಹಾಗಿಲ್ಲ. ಮನೇಲಿ ಸಾವಾಗಿದ್ರೆ ಮಾತ್ರ ರೂಲ್ಸು."

ಇದ್ದಿಲ ಬೊಟ್ಟಿನ ಕಥೆ ಹೇಳಿದರೆ ಅವನು ನಂಬುತ್ತಿದ್ದನೇ? ನಂಬಿ ವಿಷಯವನ್ನು ಕೆಳಗೆ ಹೇಳಿಸಿದರೆ, ತನ್ನ ಗುಟ್ಟು ಬಯಲಾಯಿತು ಅಂತ ಮುನಿಶಾಮಿ ಅಲ್ಲೇ ಏನು ಮಾಡಿಕೊಳ್ಳುತ್ತಿದ್ದನೋ. ನಾನು ಯೋಚಿಸುತ್ತಿರುವಾಗಲೇ ಎಲ್ಲಮ್ಮ ಮುಂದೆ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ನಾನು ಸತ್ತೋದೆ ಅಂತ ಏಳಿ ನರ್ಸಮ್ಮ."

"ಹುಚ್ಚಿ! ನೀನೇ ಇಲ್ಲ ಅಂದ್ರೆ ಅವನು ಯಾಕೆ ಮೇಲೆ ಬರ್ತಾನೆ?"

ಕೊನೆಗೆ ಗುಮಾಸ್ತನ ಕಡೆ ತಿರುಗಿ, ಸರ್ಕಾರಿ ನರ್ಸು ನಾನು, ಅವನ ತಾಯಿ ಪಾಪಮ್ಮ ಬೆಳಿಗ್ಗೆ ತೀರಿಕೊಂಡರು, ಒಬ್ಬನೇ ಮಗ, ಕೊಳ್ಳಿ ಇಡಬೇಕು ಅಂದೆ. ಬಿಳಿ ಸೀರೆ ಉಟ್ಟುಕೊಂಡು ಜೀವನದಲ್ಲಿ ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಅವನು ಕೆಳಗಿನ ಲೆವೆಲ್ಲಿಗೆ ಫೋನು ತಿರುಗಿಸಿದ.

ನಲವತ್ತು ನಿಮಿಷ ಕಾದೆವು. ಎಲ್ಲಮ್ಮ ಆ ಖಾಲಿ ಮೊಳೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಗಂಟೆ ಹೊಡೆಯಿತು, ಹಗ್ಗ ಓಡಿತು, ಕೇಜು ಬಂತು. ಮೇಸ್ತ್ರಿ ಮುನಿಶಾಮಿಯ ತೋಳು ಹಿಡಿದುಕೊಂಡು ಬಂದ. ಹಾಡುಹಗಲಲ್ಲೂ ಅವನ ಟೋಪಿಯ ದೀಪ ಉರಿಯುತ್ತಲೇ ಇತ್ತು. ಮೇಸ್ತ್ರಿ ನನ್ನನ್ನು ಬದಿಗೆ ಕರೆದು ಹೇಳಿದ: "ಇವತ್ತು ನೀವೆಲ್ಲ ಮುಂದಕ್ಕೆ ಓಗಿ, ನಾನೊಬ್ನೇ ಬೆಂಕಿ ಕೊಡ್ತೀನಿ ಅಂತಿದ್ದ ಕಣಮ್ಮ. ಮದ್ದಿನ ಪೆಟ್ಗೆ ಮ್ಯಾಲೆ ಕೂತಿದ್ದ, ಏಳಂದ್ರೆ ಏಳ್ಲಿಲ್ಲ. ಅವ್ವ ಓದ್ಳು ಅಂದ್ಮೇಲೆ ಎದ್ದ."

ಮುನಿಶಾಮಿ ನಮ್ಮಿಬ್ಬರನ್ನೂ ನೋಡಿದ. ಅವನಿಗೆ ತಿಳಿದುಹೋಯಿತು ಅನ್ನಿಸುತ್ತದೆ. ಎಲ್ಲಮ್ಮ ಹತ್ತಿರ ಹೋಗಿ, ಅಷ್ಟು ಜನ ಗಂಡಸರ ಎದುರಿಗೇ ಅವನ ಅಂಗಿ ಎತ್ತಿ, ಸೊಂಟಕ್ಕೆ ಉಡಿದಾರ ಕಟ್ಟಿದಳು. ಮೊದಲ ಸಲ ಕೊಂಡಿ ಕೂರಲಿಲ್ಲ. ಎರಡನೆಯ ಸಲಕ್ಕೆ ಕೂತಿತು. ಆ ಆರಡಿ ಆಳು ನೆಲಕ್ಕೆ ಕುಸಿದು ಅವಳ ಕಾಲ ಬಳಿ ಕೂತು ಅತ್ತ.

"ಬ್ಯಾಡ ಎಲ್ಲೀ. ನಿಂಗೆ ನಾನು ಮಾಡಿದ್ದು ಎಲ್ಲಾ ಗ್ಯಾಪಕ ಐತೆ. ನೀನು ಅತ್ತಿದ್ದು, ನಾನು ನಕ್ಕಿದ್ದು. ಎಲ್ಲಾ."

ಸುಳ್ಳು ಹೇಳಿದ್ದಕ್ಕೆ ನನಗೆ ಮೇಲಧಿಕಾರಿಗಳಿಂದ ಒಂದು ಚೀಟಿ ಬಂತು, ಅದಿರಲಿ. ಪಾಪಮ್ಮ ಮಾತ್ರ ಕೇಂದ್ರದ ಮುಂದೆ ನಿಂತು ಬೈದಳು. "ಗುಂಡ್ಕಲ್ಲಂಗೆ ಇವ್ನಿ, ನನ್ ಬಾಯ್ಗೆ ಅಕ್ಕಿ ಆಕ್ದಲ್ಲೇ ನರ್ಸಮ್ಮ!" ಇಷ್ಟು ಹೇಳಿ ನನ್ನ ಭುಜದ ಮೇಲೆ ಮುಖವಿಟ್ಟು ಅತ್ತಳು. ಸತ್ತಳು ಅಂತ ಸುಳ್ಳು ಸುದ್ದಿ ಹಬ್ಬಿದರೆ ಆಯುಸ್ಸು ಜಾಸ್ತಿ ಅನ್ನುತ್ತಾರೆ. ಅವಳು ತೊಂಬತ್ತು ದಾಟಿ ಬದುಕಿದಳು.

ಮರುದಿನವೇ ನಾನು ಅವರಿಬ್ಬರನ್ನೂ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುನಿಶಾಮಿಯನ್ನು ಒಳಗೆ ಸೇರಿಸಿಕೊಂಡ ಮೇಲೆ ಅಲ್ಲಿಯ ಹಿರಿಯ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿಚಾರಿಸಿದರು. ನಾನು ಎರಡು ವರ್ಷದ ಕ್ಯಾಲೆಂಡರುಗಳನ್ನೂ ಮೇಜಿನ ಮೇಲೆ ಹರಡಿ ಬೊಟ್ಟುಗಳ ಅರ್ಥ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ತಿಂಗಳು ತಿಂಗಳಾಗಿ ಬೆರಳಾಡಿಸಿದರು. "ಸಿಸ್ಟರ್, ಕಾಯಿಲೆ ಏರಿದ್ದು ಇಳಿದದ್ದು ಎಲ್ಲ ಇಲ್ಲೇ ಬರೆದಿದೆಯಲ್ಲ. ನೀವು ಓದಲಿಲ್ಲವೆ?" ಅಂದರು. ಬೈಯುವ ದನಿ ಅಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಗ ಅದನ್ನು ಮ್ಯಾನಿಕ್ ಡಿಪ್ರೆಸಿವ್ ಸೈಕೋಸಿಸ್ ಅನ್ನುತ್ತಿದ್ದರು, ಈಗ ಬೈಪೋಲಾರ್ ಡಿಸಾರ್ಡರ್ ಅನ್ನುತ್ತಾರೆ. ಮನಸ್ಸು ಒಮ್ಮೆ ಮಿತಿಮೀರಿ ಏರುತ್ತದೆ, ಇನ್ನೊಮ್ಮೆ ಪಾತಾಳಕ್ಕೆ ಇಳಿಯುತ್ತದೆ. ಏರಿದಾಗ ನಿದ್ದೆ ಬೇಡ, ಮಾತು ನಿಲ್ಲುವುದಿಲ್ಲ, ತನಗೆ ಸಮ ಯಾರೂ ಇಲ್ಲ ಅನ್ನಿಸುತ್ತದೆ. ಎಲ್ಲರಿಗೂ ಅಲ್ಲದಿದ್ದರೂ ಅನೇಕರಿಗೆ ಆಗ ಕಾಮದ ಲಗಾಮು ತಪ್ಪುತ್ತದೆ. ಹೆಂಡತಿಯ ಕಣ್ಣೀರೂ ಕಾಣದು, ಪರರ ಹೆಂಗಸು ಅನ್ನುವ ಪರಿವೆಯೂ ಇರದು. ಇಳಿದಾಗ ಅದೇ ಬಯಕೆ ಬತ್ತಿಹೋಗುತ್ತದೆ, ಏರಿದ್ದಾಗ ಮಾಡಿದ್ದು ನೆನಪಾಗಿ ಸುಡುತ್ತದೆ. ಡಾಕ್ಟರು ಇದನ್ನೆಲ್ಲ ಎಲ್ಲಮ್ಮನಿಗೆ ಸರಳವಾಗಿ ಹೇಳಿದರು. "ಅವನು ತಿರುಗಿ ಮಲಗಿದ್ದೂ ನಿನ್ನ ತಪ್ಪಲ್ಲ ತಾಯಿ, ಹಾಗೆ ಮೇಲೆ ಬಿದ್ದದ್ದೂ ನಿನ್ನ ಭಾಗ್ಯವಲ್ಲ. ಎರಡೂ ರೋಗ. ರೋಗ ಅಂತ ನೀನು ತಾಳಿಕೊಳ್ಳಬೇಕಾಗಿಯೂ ಇಲ್ಲ."

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. "ಸಿಸ್ಟರ್, ಇಷ್ಟು ಹಳದಿ ಬೊಟ್ಟುಗಳಲ್ಲಿ ಆಕೆಗೂ ಇಷ್ಟವಿದ್ದ ದಿನ ಯಾವುವು?"

ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ತಿಂಗಳು ಪ್ರತಿ ತಿಂಗಳೂ ಹೋಗಿ ಎಣಿಸಿದ್ದೆ. ಒಂದು ಸಲವೂ ಕೇಳಿರಲಿಲ್ಲ.

ಎಲ್ಲಮ್ಮ ಬಗ್ಗಿ, ಹಳೆಯ ಕ್ಯಾಲೆಂಡರಿನ ಅಕ್ಟೋಬರ್ ಹಾಳೆಯಲ್ಲಿ ಒಂದು, ನವೆಂಬರಿನಲ್ಲಿ ಎರಡು ಬೊಟ್ಟು ಮುಟ್ಟಿದಳು. "ಇವು ಮೂರು. ಈ ದಿನ ನೋಡಿ, ಅವರ್ಗೆ ರೈಲು ತಪ್ಪೋಗಿತ್ತು. ಮನೇಲೇ ಇದ್ರು. ಇಬ್ರೂ ಕಡ್ಲೆಕಾಯಿ ಸುಲೀತಾ ಕೂತಿದ್ವಿ" ಅಂದಳು. ಅವಳ ತುಟಿಯಲ್ಲಿ ಒಂದು ನಗು ಬಂದು ಹೋಯಿತು.

ನಾನು ಅಲ್ಲೇ ಡಾಕ್ಟರ ಮುಂದೆ ಅತ್ತುಬಿಟ್ಟೆ.

ಮುನಿಶಾಮಿಗೆ ಕರೆಂಟಿನ ಚಿಕಿತ್ಸೆ ಕೊಟ್ಟರು, ಆಗ ತಾನೆ ಬಂದಿದ್ದ ಹೊಸ ಮಾತ್ರೆಗಳನ್ನೂ ಕೊಟ್ಟರು. ಎರಡು ತಿಂಗಳ ಮೇಲೆ ಮನೆಗೆ ಬಂದ. ಗಣಿಯವರು ಅವನನ್ನು ಮದ್ದಿನ ಕೆಲಸದಿಂದ ತೆಗೆದು ನೆಲದ ಮೇಲಿನ ಮರದ ಯಾರ್ಡಿಗೆ ಹಾಕಿದರು. ಆ ವರ್ಷದ ಕೊನೆಗೆ ಎಲ್ಲಮ್ಮನಿಗೆ ಹೆಣ್ಣುಮಗು, ನಾನೇ ಹೆರಿಗೆ ಮಾಡಿಸಿದೆ. ಇಲ್ಲಿಗೆ ಸುಖಾಂತ ಅಂದುಕೊಳ್ಳಬೇಡಿ. ರೋಗ ಹೋದರೂ ಅದು ಕೂತು ಎದ್ದ ಜಾಗ ಹಾಗೇ ಉಳಿದಿತ್ತು. ಮುನಿಶಾಮಿ ಜಗಲಿಯಲ್ಲೇ ಮಲಗುತ್ತಿದ್ದ, ಒಳಗೆ ಬರಲು ಅವನಿಗೆ ಧೈರ್ಯವಿಲ್ಲ. ಒಳಗೆ ಕರೆಯಲು ಅವಳಿಗೂ ಇಲ್ಲ.

"ಪಿರೂತಿಯಿಂದ ಕೈ ಇಡುದ್ರೂ ಎದೆ ಡವಡವ ಅಂತದೆ ನರ್ಸಮ್ಮ. ಇದು ಅವ್ರಾ, ಇಲ್ಲ ಆ ರೋಗ ಬಂತಾ ಅಂತ. ನಕ್ರೆ ಎದ್ರಿಕೆ, ಹೂವು ತಂದ್ರೆ ಎದ್ರಿಕೆ. ಎಂಗೆ ಬಾಳ್ವೆ ಮಾಡ್ಲಿ?" ಅಂದಳು.

ನನ್ನ ಹತ್ತಿರ ಇದಕ್ಕೆ ಔಷಧ ಇರಲಿಲ್ಲ, ಹಾಗಂತ ಒಪ್ಪಿಕೊಂಡೆ. ದಾರಿ ಕಂಡುಕೊಂಡವಳು ಅವಳೇ. ಒಂದು ದಿನ ಹೋದಾಗ ಗೋಡೆಯಲ್ಲಿ ಹೊಸ ಕ್ಯಾಲೆಂಡರ್ ಇತ್ತು. ಆ ದಿನದ ಚೌಕದಲ್ಲಿ ಆಗಲೇ ಒಂದು ಹಸಿ ಅರಿಶಿನದ ಬೊಟ್ಟು. "ಇನ್ನೂ ಮಧ್ಯಾಹ್ನ ಕಣೇ!" ಅಂದೆ. ಅವಳು ಕೆಂಪಾದಳು. ಈಗ ಬೊಟ್ಟು ಮೊದಲು. ಅವಳಿಗೆ ಮನಸ್ಸಿದ್ದರೆ ಹಗಲೇ ಇಡುತ್ತಾ‌ಳೆ, ಕಿರುಬೆರಳ ತುದಿಯಲ್ಲಿ ಸಾಸಿವೆಯಷ್ಟು. ಅವನು ಕೆಲಸದಿಂದ ಬಂದವನೇ ಕೈಕಾಲು ತೊಳೆದು ಗೋಡೆ ನೋಡುತ್ತಾನೆ. ಬೊಟ್ಟಿಲ್ಲದ ದಿನ ಚಾಪೆ ಜಗಲಿಗೆ. ಒಂದು ಮಾತೂ ಇಲ್ಲ, ಮುನಿಸೂ ಇಲ್ಲ. ಮೂರು ವರ್ಷ ಹಾಗೇ ನಡೆಯಿತು. ನಾನು ಕಂಡ ಸಂಸಾರಗಳಲ್ಲಿ ಅಷ್ಟು ಮರ್ಯಾದೆಯ ಸಂಸಾರ ಹೆಚ್ಚಿರಲಿಲ್ಲ.

೧೯೬೨ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೆ ಎಲ್ಲಮ್ಮ ಕೇಂದ್ರಕ್ಕೆ ಬಂದಳು. ಸೊಂಟದಲ್ಲಿ ಮಗಳು, ಕಂಕುಳಲ್ಲಿ ಸುತ್ತಿದ ಕ್ಯಾಲೆಂಡರ್. ಹಿಂದೆ ಹೊಸ ಅಂಗಿ ತೊಟ್ಟ ಮುನಿಶಾಮಿ, ಕಿವಿಯ ಮೇಲೆ ಹೂವು. "ನರ್ಸಮ್ಮಾ, ನಿಮ್ಗೊಂದು ಬಂಗ್ಲೆ ಕಟ್ಟುಸ್ಕೊಡ್ತೀನಿ! ಬಂಗಾರಪೇಟೆನೇ ಕೊಂಡ್ಕೊಂತೀನಿ!" ಅಂತ ದೂರದಿಂದಲೇ ಕೂಗಿದ. ಅದೇ ಕಣ್ಣು, ಅದೇ ಹೊಳಪು.

ಎಲ್ಲಮ್ಮ ಕ್ಯಾಲೆಂಡರ್ ಬಿಚ್ಚಿದಳು. ಮಂಗಳವಾರದ ತನಕ ಅವಳ ಸಾಸಿವೆ ಬೊಟ್ಟುಗಳು. ಬುಧವಾರದಿಂದ ಹೆಬ್ಬೆರಳ ಗಾತ್ರದವು, ಚೌಕ ಮೀರಿ, ಇನ್ನೂ ಬಾರದ ಮುಂದಿನ ವಾರದ ತನಕ.

"ಇವು ನಾನಿಟ್ಟವಲ್ಲ" ಅಂದಳು. ಈ ಸಲ ಅವಳು ಓಡಿಬಂದಿರಲಿಲ್ಲ. "ಎಂಟರ ಗಾಡೀಗೆ ಬೆಂಗ್ಳೂರಿಗೆ ಕರ್ಕೊಂಡೋಗ್ತೀನಿ. ಮಗೀನ ನಮ್ಮತ್ತೆಗೆ ಒಪ್ಸಿ. ನೀವೂ ಟೇಸನ್ ಗಂಟ ಬನ್ನಿ."

ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ಅವನು ತಿರುಗಿಬಿದ್ದ. ನನಗೇನೂ ಆಗಿಲ್ಲ, ಇಂಥ ಸುಖ ಯಾವತ್ತೂ ಇರಲಿಲ್ಲ, ನಾನು ಬರಲ್ಲ ಅಂದ. ಜನ ಸೇರಿದರು. ಪೋಲೀಸಿನವನನ್ನು ಕೂಗಲೇ ಅಂತ ನಾನು ನೋಡುತ್ತಿದ್ದೆ. ಎಲ್ಲಮ್ಮ ಅವನ ಬಲಗೈ ಹಿಡಿದು, ಹೆಬ್ಬೆರಳನ್ನು ಮೇಲಕ್ಕೆ ಬಿಡಿಸಿ, ಅವನ ಮುಖದ ಮುಂದೆ ಹಿಡಿದಳು. ಬೆರಳು ಉಗುರಿನ ತನಕ ಹಳದಿ.

"ಇದ್ಯಾರ ಬೆರಳು ನೋಡ್ರಿ. ಬೊಟ್ಟು ಇಡೋದು ಯಾರು ಅಂತ ಮಾತಾಗಿತ್ತು?"

ಅವನು ತನ್ನ ಬೆರಳನ್ನು ನೋಡಿದ, ಅವಳನ್ನು ನೋಡಿದ. ನಗು ಅರ್ಧಕ್ಕೆ ನಿಂತಿತು. ಒಳಗೆ ಎಲ್ಲೋ ನಿಜವಾದ ಮುನಿಶಾಮಿ ಕೇಳಿಸಿಕೊಂಡಿರಬೇಕು. ಹೂವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದ. ಅವಳು ಹಿಂದೆಯೇ ಹತ್ತಿ ಬಾಗಿಲ ಕಡೆ ಕೂತಳು, ಅವನನ್ನು ಕಿಟಕಿ ಕಡೆ ಕೂರಿಸಿ. ಆ ಗಾಡಿಯನ್ನು ಅವಳು ಮುಂದೆಯೂ ಹಲವು ಸಲ ಹತ್ತಬೇಕಾಯಿತು. ಪ್ರತಿ ಸಲವೂ ಕ್ಯಾಲೆಂಡರ್ ಕಂಕುಳಲ್ಲಿತ್ತು.

ನನಗೆ ಟ್ರೈನಿಂಗಿನಲ್ಲಿ ಕಲಿಸಿದ್ದು ಮುಟ್ಟು ಯಾವಾಗ, ಸೇರಿದ್ದು ಯಾವಾಗ, ಎಷ್ಟು ದಿನ ಅಂತ ಕೇಳುವುದನ್ನು. ಆಮೇಲಿನ ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಹೋದ ಮನೆಗಳಲ್ಲೆಲ್ಲ, ಅತ್ತೆಯನ್ನು ನೀರು ತರಲು ಕಳಿಸಿ, ಇನ್ನೊಂದು ಪ್ರಶ್ನೆ ಸೇರಿಸಿ ಕೇಳಿದೆ: "ನಿನಗೆ ಬೇಕಿತ್ತಾ?" ಹೆಚ್ಚಿನವರು ಉತ್ತರ ಕೊಡಲಿಲ್ಲ. ಹಾಗೆ ಒಬ್ಬರು ತಮ್ಮನ್ನು ಕೇಳಬಹುದು ಅಂತಲೇ ಅವರಿಗೆ ಗೊತ್ತಿರಲಿಲ್ಲ.